‘ಗೃಹಭಂಗ’ವನ್ನು ಮೊದಲ ಸಲವೆಂಬಂತೆ ಮತ್ತೊಮ್ಮೆ ಓದುವುದಾಗಿದ್ದರೆ

ಗುಬ್ಬಿ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ನಾಟಕ ಕಂಪನಿ. 1884ರಲ್ಲಿ ಈ ಊರಿನಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ದಕ್ಷಿಣ ಭಾರತವೆಲ್ಲ ಸುತ್ತಿದ ಆ ಕಂಪನಿಯ ‘ಕುರುಕ್ಷೇತ್ರ’ವನ್ನು ನೋಡಲು ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ರಂಗದ ಮೇಲೆ ನಿಜವಾದ ಆನೆ, ಕುದುರೆ. ಆದರೆ ಹಾಗೆ ಬಂದವರಲ್ಲಿ ಅಭಿಮನ್ಯು ಸಾಯುತ್ತಾನೆಂಬುದು ಗೊತ್ತಿಲ್ಲದವರು ಯಾರಿದ್ದರು? ಗೊತ್ತಿದ್ದೇ ಬಂದರು, ಗೊತ್ತಿದ್ದೇ ಅತ್ತರು, ಮರುವಾರ ಮತ್ತೆ ಬಂದರು. ನಮ್ಮ ಶುಭ ಶುಕ್ರವಾರದ ಮಾತೂ ಅದೇ. ಪ್ರಭುವಿನ ಯಾತನೆಯ ವೃತ್ತಾಂತವನ್ನು ವರ್ಷ ವರ್ಷವೂ ನಿಂತು ಕೇಳುತ್ತೇವೆ. ಮುಂದೇನಾಗುತ್ತದೆಂದು ತಿಳಿದಿರುವುದರಿಂದ ಆ ಕೇಳುವಿಕೆಗೆ ಒಂದಿಷ್ಟೂ ಕುಂದುಂಟಾಗುವುದಿಲ್ಲ.

ಹಾಗಿದ್ದ ಮೇಲೆ ಕೆಲವು ಕಾದಂಬರಿಗಳ ವಿಷಯದಲ್ಲಿ ಮಾತ್ರ ‘ಇದನ್ನು ಇನ್ನೊಮ್ಮೆ ಮೊದಲ ಸಲ ಓದುವಂತಿದ್ದರೆ!’ ಎಂಬ ಅಸಾಧ್ಯವಾದ ಆಸೆ ಏಕೆ ಹುಟ್ಟುತ್ತದೆ? ನನ್ನ ಮಟ್ಟಿಗೆ ಆ ಆಸೆಯನ್ನು ಹುಟ್ಟಿಸಿದ ಕೃತಿ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. 1970ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಇನ್ನೂ ಓದದ ವಾಚಕರು ಯಾರಾದರೂ ಇದ್ದರೆ ಈ ಲೇಖನವನ್ನು ಇಲ್ಲಿಗೇ ಮಡಿಸಿಟ್ಟು ಪುಸ್ತಕವನ್ನು ಹುಡುಕಿಕೊಳ್ಳುವುದು ಲೇಸು. ಮುಂದಿನ ಸಾಲುಗಳಲ್ಲಿ ಕಥೆಯನ್ನು ಹೇಳದೆ ನನ್ನ ಮಾತು ಸಾಗುವುದಿಲ್ಲ. ಓದಿಲ್ಲದವರ ಕೈಯಲ್ಲಿರುವ ಭಾಗ್ಯ ಎಂಥದೆಂದು ಹೇಳಲು ಹೊರಟವನೇ ಅದನ್ನು ಕಸಿದುಕೊಂಡರೆ ಅದು ನ್ಯಾಯವಲ್ಲ.

ಗುಬ್ಬಿಯಿಂದ ನಿಟ್ಟೂರು, ಕಿಬ್ಬನಹಳ್ಳಿ ಕ್ರಾಸ್ ದಾಟಿ ಪಶ್ಚಿಮಕ್ಕೆ ಹೋದರೆ ಐವತ್ತು ಚಿಲ್ಲರೆ ಕಿಲೋಮೀಟರುಗಳಲ್ಲಿ ತಿಪಟೂರು ಸಿಗುತ್ತದೆ. ಅದರಾಚೆ ಚನ್ನರಾಯಪಟ್ಟಣದ ಸೀಮೆ. ಭೈರಪ್ಪನವರು ಹುಟ್ಟಿದ ಸಂತೇಶಿವರ ಇರುವುದು ಅಲ್ಲಿಯೇ. ಕಾದಂಬರಿಯ ರಾಮಸಂದ್ರವೂ ಈ ತೆಂಗಿನ ತೋಟ, ರಾಗಿ ಹೊಲ, ಕೆರೆ ಏರಿಗಳ ಸೀಮೆಯದೇ. ಕಾಲ 1920ರ ದಶಕದಿಂದ ಸುಮಾರು 1940ರ ದಶಕದ ನಡುವಿನವರೆಗೆ. ತೋಟವನ್ನು ‘ತ್ವಾಟ’ವೆನ್ನುವ, ಮೇಲೆ ಎಂಬುದನ್ನು ‘ಮ್ಯಾಲೆ’ ಎನ್ನುವ, ಸ್ವಲ್ಪ ಎಂಬುದಕ್ಕೆ ‘ವಸಿ’ ಎನ್ನುವ ಜನರ ನಡುವೆ ಬಾಳಿದವರಿಗೆ ಈ ಪುಸ್ತಕದ ಸಂಭಾಷಣೆ ಓದುವುದಕ್ಕಿಂತ ಮೊದಲು ಕಿವಿಗೆ ಬೀಳುತ್ತದೆ. ಬೈಗುಳಗಳೂ ಹಾಗೆಯೇ. ಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದುವ ಪುಸ್ತಕವೇ ಎಂದು ಕೆಲವರು ಕೇಳಬಹುದು. ಗಂಗಮ್ಮನ ಬಾಯಿಯಿಂದ ಬೈಗುಳವನ್ನು ತೆಗೆದುಬಿಟ್ಟರೆ ಗಂಗಮ್ಮನೇ ಉಳಿಯುವುದಿಲ್ಲವೆಂಬುದಷ್ಟೇ ನನ್ನ ಉತ್ತರ.

ಕಥೆ ಸರಳ. ತೀರಿಕೊಂಡ ಶ್ಯಾನುಭೋಗರ ವಿಧವೆ ಗಂಗಮ್ಮ. ಅವಳಿಗೆ ಚೆನ್ನಿಗರಾಯ, ಅಪ್ಪಣ್ಣಯ್ಯ ಎಂಬಿಬ್ಬರು ಮಕ್ಕಳು. ಹೊಟ್ಟೆ ತುಂಬಿಸಿಕೊಳ್ಳುವುದೊಂದರ ಹೊರತು ಬೇರೆ ವಿದ್ಯೆ ಆ ಮಕ್ಕಳಿಗಿಲ್ಲ. ಹಿರಿಯವನ ಕೈ ಹಿಡಿದು ಆ ಮನೆಗೆ ಬರುವ ಹುಡುಗಿ ನಂಜಮ್ಮ. ಪಟೇಲ ಶಿವೇಗೌಡನ ಕೈಗೆ ಜಮೀನು ಹೋಗುತ್ತದೆ, ಮನೆ ಒಡೆಯುತ್ತದೆ. ಪಾರ್ವತಿ, ರಾಮಣ್ಣ, ವಿಶ್ವ ಎಂಬ ಮೂವರು ಮಕ್ಕಳನ್ನು ಸಾಕಬೇಕಾದ ಹೊಣೆ ನಂಜಮ್ಮನ ಒಬ್ಬಳ ತಲೆಯ ಮೇಲೆ ಬೀಳುತ್ತದೆ. ನೆರೆಯೂರಿನ ಶ್ಯಾನುಭೋಗ ದ್ಯಾವರಸಯ್ಯನವರಿಂದ ಲೆಕ್ಕ ಬರೆಯುವುದನ್ನು ಅವಳು ಕಲಿಯುತ್ತಾಳೆ. ಶ್ಯಾನುಭೋಗಿಕೆ ಗಂಡನ ಹೆಸರಿನಲ್ಲಿ, ಬರವಣಿಗೆ ಹೆಂಡತಿಯದು. ಹಳೆಯ ಮೈಸೂರಿನಲ್ಲಿ ವಂಶಪಾರಂಪರ್ಯವಾಗಿ ಬರುತ್ತಿದ್ದ ಈ ಹುದ್ದೆಗಳನ್ನು 1961ರ ಕಾಯಿದೆ ರದ್ದುಪಡಿಸಿದ ಮೇಲೆ ಪಟೇಲ, ಶ್ಯಾನುಭೋಗ ಎಂಬ ಮಾತುಗಳು ಮನೆತನದ ಹೆಸರುಗಳಾಗಿ ಮಾತ್ರ ಉಳಿದವು. ಅಂದಿನ ಹಳ್ಳಿಯಲ್ಲಾದರೋ, ಕಂದಾಯದ ಲೆಕ್ಕ ಯಾರ ಲೇಖಣಿಯಲ್ಲಿದೆಯೋ ಅವರ ಮಾತಿಗೆ ತೂಕವಿತ್ತು. ಆ ಲೇಖಣಿ ಒಬ್ಬ ಹೆಣ್ಣುಮಗಳ ಕೈಯಲ್ಲಿದ್ದೂ ಅವಳ ಸಹಿಗೆ ಬೆಲೆಯಿರಲಿಲ್ಲ ಎಂಬುದನ್ನು ಭೈರಪ್ಪನವರು ಎಲ್ಲಿಯೂ ಭಾಷಣ ಮಾಡಿ ಹೇಳುವುದಿಲ್ಲ. ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕುತ್ತ ಕುಳಿತ ಅವಳನ್ನು ತೋರಿಸಿ ಸುಮ್ಮನಾಗುತ್ತಾರೆ.

ಲೆಕ್ಕದ ಜೊತೆಗೆ ಎಲೆ ಹಚ್ಚುವ ಕೆಲಸ. ಮುತ್ತುಗದ ಎಲೆಗಳನ್ನು ಕಿತ್ತು ತಂದು, ಒಣಗಿಸಿ, ಸಣ್ಣ ಕಡ್ಡಿಯಿಂದ ಒಂದಕ್ಕೊಂದು ಸೇರಿಸಿ ಊಟದ ಎಲೆ ಮಾಡಿ, ಕಟ್ಟು ಕಟ್ಟಿ ಮಾರುವ ಕೆಲಸವನ್ನು ನಮ್ಮ ಸೀಮೆಯ ಹಿರಿಯ ಹೆಂಗಸರು ಬಲ್ಲರು. ಬೆರಳ ತುದಿ ಸವೆಯುವ ಕೆಲಸ. ಹಣ ಬರುವುದು ಕಾಸಿನ ಲೆಕ್ಕದಲ್ಲಿ. ಕಾದಂಬರಿ ಈ ಕಾಸುಗಳನ್ನು ನಮ್ಮಿಂದಲೂ ಎಣಿಸಿಸುತ್ತದೆ. ಇಷ್ಟು ಕಟ್ಟು ಎಲೆಗೆ ಇಷ್ಟು, ಶ್ಯಾನುಭೋಗಿಕೆಯ ಪೋಟಿಗೆ ಇಷ್ಟು, ರಾಗಿಗೆ ಇಷ್ಟು, ಮಗಳ ಮದುವೆಗೆ ಇಷ್ಟು, ಮಗನ ಓದಿಗೆ ಇಷ್ಟು. ಮೊದಲ ಸಲ ಓದುವವನು ತನಗರಿವಿಲ್ಲದೆಯೇ ನಂಜಮ್ಮನ ಪಕ್ಕದಲ್ಲಿ ಕುಳಿತು ಕೂಡಿ ಕಳೆಯಲು ತೊಡಗುತ್ತಾನೆ. ‘ಇನ್ನೊಂದು ವರ್ಷ ಹೇಗಾದರೂ ದಾಟಿದರೆ ಸಾಕು, ರಾಮಣ್ಣ ಓದಿ ಮುಂದೆ ಬರುತ್ತಾನೆ’ ಎಂದುಕೊಳ್ಳುತ್ತಾನೆ. ಪಾರ್ವತಿಯ ಮದುವೆಯಾಗುತ್ತದೆ. ಒಂದು ಹೊರೆ ಇಳಿಯಿತೆಂದು ನಾವೂ ಉಸಿರು ಬಿಡುತ್ತೇವೆ.

ಆಮೇಲೆ ಇಲಿ ಬೀಳುತ್ತದೆ.

ಪ್ಲೇಗಿನ ಬಗ್ಗೆ ಇಂದಿನ ಮಕ್ಕಳಿಗೆ ಎರಡು ಮಾತು ಹೇಳುವುದು ಅಗತ್ಯ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು 1898ರಲ್ಲಿ ಬೆಂಗಳೂರನ್ನು ತಲುಪಿದ ಈ ಬೇನೆ ಮುಂದೆ ದಶಕಗಳ ಕಾಲ ಮೈಸೂರು ಸೀಮೆಯ ಹಳ್ಳಿಗಳಿಗೆ ಮತ್ತೆ ಮತ್ತೆ ಮರಳುತ್ತಿತ್ತು. ರೋಗಾಣು ಇರುವುದು ಇಲಿಯ ಮೈಮೇಲಿನ ಚಿಗಟದಲ್ಲಿ. ಇಲಿ ಸತ್ತೊಡನೆ ಹಸಿದ ಚಿಗಟ ಮನುಷ್ಯನನ್ನು ಹುಡುಕುತ್ತದೆ. ಆದ್ದರಿಂದಲೇ ಮನೆಯ ಮಾಡಿನಿಂದ ಇಲಿ ಬಿತ್ತೆಂದರೆ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊರಗೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು. ಕಂಕುಳಲ್ಲೋ ತೊಡೆಯ ಸಂದಿನಲ್ಲೋ ಗಡ್ಡೆ, ಉರಿ ಜ್ವರ, ಎರಡು ಮೂರು ದಿನಗಳಲ್ಲಿ ಸಾವು. ಬೆಂಗಳೂರಿನ ಸುತ್ತಮುತ್ತ ಇಂದಿಗೂ ಪ್ಲೇಗು ಮಾರಮ್ಮನ ಗುಡಿಗಳಿವೆ.

ರಾಮಸಂದ್ರದಲ್ಲಿ ಪಾರ್ವತಿ ಸಾಯುತ್ತಾಳೆ, ಅವಳ ಬೆನ್ನಿಗೇ ರಾಮಣ್ಣ ಸಾಯುತ್ತಾನೆ. ಲೇಖಕರ ಧ್ವನಿ ಕಿಂಚಿತ್ತೂ ಬದಲಾಗುವುದಿಲ್ಲವೆಂಬುದು ಇಲ್ಲಿಯ ಅಚ್ಚರಿ. ಎಲೆಯ ಕಟ್ಟಿನ ಲೆಕ್ಕ ಹೇಳಿದ ಅದೇ ವೇಗದಲ್ಲಿ, ಅದೇ ಒಣ ಮಾತಿನಲ್ಲಿ ಈ ಸಾವುಗಳೂ ಬರುತ್ತವೆ. ಹಿನ್ನೆಲೆಯಲ್ಲಿ ವೀಣೆ ನುಡಿಯುವುದಿಲ್ಲ, ಮೋಡ ಕವಿಯುವುದಿಲ್ಲ, ಅಶುಭದ ಮುನ್ಸೂಚನೆಯೆಂದು ಗೂಬೆ ಕೂಗುವುದಿಲ್ಲ. ನಾನು ಈ ಪುಸ್ತಕವನ್ನು ಮೊದಲು ಓದಿದ್ದು ಗುರುಮಠದ ವಿದ್ಯಾರ್ಥಿಯಾಗಿದ್ದಾಗ, 1990ರ ಸುಮಾರಿನಲ್ಲಿ. ಆ ಪುಟಕ್ಕೆ ಬಂದಾಗ ಹಿಂದಿನ ಪುಟವನ್ನು ತಿರುವಿ ಹಾಕಿ, ಏನಾದರೂ ಬಿಟ್ಟು ಓದಿದೆನೋ ಎಂದು ನೋಡಿದೆ. ಬಿಟ್ಟಿರಲಿಲ್ಲ. ಲೆಕ್ಕವನ್ನೆಲ್ಲ ಸರಿಯಾಗಿಯೇ ಕೂಡಿಸಿದ್ದೆ. ಮೊತ್ತ ಮಾತ್ರ ಹೀಗೆ ಬಂದಿತ್ತು.

ಕಳೆದುಹೋದ ಮೊದಲ ಓದೆಂದರೆ ನನಗೆ ಇದೇ. ಪುರಾಣದ ಕಥೆಯಲ್ಲಿ ಕೇಳುಗ ಪಾತ್ರಗಳಿಗಿಂತ ಮೇಲೆ ಕುಳಿತಿರುತ್ತಾನೆ. ಅಭಿಮನ್ಯುವಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತು. ಇದೇ ಭೈರಪ್ಪನವರ 1979ರ ‘ಪರ್ವ’ಕ್ಕೆ ಆ ಅರ್ಥದಲ್ಲಿ ಮೊದಲ ಓದೆಂಬುದೇ ಇಲ್ಲ, ಮಹಾಭಾರತವನ್ನು ಬಲ್ಲ ನಾವು ಅದನ್ನು ಎರಡನೆಯ ಸಲದಿಂದಲೇ ಆರಂಭಿಸುತ್ತೇವೆ. ‘ಗೃಹಭಂಗ’ದಲ್ಲಾದರೋ ನಂಜಮ್ಮನಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಿಲ್ಲ. ಅವಳ ಅಜ್ಞಾನವನ್ನು ಹಂಚಿಕೊಂಡೇ ಅವಳ ಆಸೆಯನ್ನೂ ಹಂಚಿಕೊಂಡಿರುತ್ತೇವೆ. ಎರಡನೆಯ ಓದಿನಲ್ಲಿ ಅವಳು ಕಾಸು ಎಣಿಸುವಾಗ ನಾವು ಅವಳ ಪಕ್ಕದಲ್ಲಿರುವುದಿಲ್ಲ. ಬಾಗಿಲ ಬಳಿ ನಿಂತು ಕನಿಕರದಿಂದ ನೋಡುತ್ತಿರುತ್ತೇವೆ. ಕನಿಕರ ಕೆಟ್ಟದ್ದಲ್ಲ, ಆದರೆ ಅದರಲ್ಲಿ ಸ್ವಲ್ಪ ಎತ್ತರದ ಆಸನವಿದೆ.

ಎರಡನೆಯ ಓದಿನಿಂದ ಲಾಭವಿಲ್ಲವೆಂದು ನಾನು ಹೇಳುತ್ತಿಲ್ಲ. ಮಾದೇವಯ್ಯನವರು ನನಗೆ ಸರಿಯಾಗಿ ಕಂಡದ್ದು ಆಗಲೇ. ಭಿಕ್ಷೆಯಿಂದ ಬದುಕುವ ಈ ಲಿಂಗಾಯತ ಅಯ್ಯನವರು ಮೊದಲ ಸಲ ಓದುವಾಗ ಕಥೆಯ ಅಂಚಿನಲ್ಲಿ ಹಾಡಿಕೊಂಡು ಹೋಗುವ ಒಬ್ಬ ಮುದುಕರಂತಿದ್ದರು. ಮತ್ತೆ ಓದಿದಾಗ, ನಂಜಮ್ಮನ ಮನೆಗೆ ಸಂಕಟ ಬಂದಾಗಲೆಲ್ಲ ಜಾತಿ ಬೇರೆ, ಮಠ ಬೇರೆ ಎನ್ನದೆ ಹೊಸ್ತಿಲ ಬಳಿ ಬಂದು ನಿಂತವರು ಇವರೇ ಎಂಬುದು ತಿಳಿಯಿತು. ಮನೆ ಮನೆಯ ಭಿಕ್ಷೆಯಿಂದ ಊರ ಮಕ್ಕಳಿಗೆ ಅನ್ನವಿಕ್ಕುವ ಪರಂಪರೆ ನಮ್ಮ ಜಿಲ್ಲೆಗೆ ಹೊಸದಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ಕ್ರೈಸ್ತರ ಮನೆಗಳಲ್ಲಿಯೂ ದುಃಖವಿತ್ತು. ಮಾದೇವಯ್ಯನವರಿಗೆ ಮಠವಿಲ್ಲ, ಪೀಠವಿಲ್ಲ, ಶಿಷ್ಯರಿಲ್ಲ. ಅಷ್ಟೇ ವ್ಯತ್ಯಾಸ.

ಅವರ ಎದುರಿಗೆ ಅಯ್ಯಾಶಾಸ್ತ್ರಿ, ಅಣ್ಣಾಜೋಯಿಸರೆಂಬ ಪುರೋಹಿತರಿದ್ದಾರೆ. ಧರ್ಮದ ಹೆಸರಿನಲ್ಲಿ ಬಹಿಷ್ಕಾರ, ದಂಡ, ದಕ್ಷಿಣೆ ಎಂದು ಸಾಯುತ್ತಿರುವ ಮನೆಯಿಂದಲೂ ಸುಲಿಯಬಲ್ಲವರು. ನಮ್ಮಂಥ ಗುರುಗಳು ಈ ಪುಟಗಳನ್ನು ‘ಅನ್ಯರ ಪುರೋಹಿತರ ಕಥೆ’ಯೆಂದು ನಗುತ್ತ ತಿರುವಿ ಹಾಕುವುದು ಸುಲಭ. ಶುಭಸಂದೇಶದಲ್ಲಿ ವಿಧವೆಯರ ಮನೆಗಳನ್ನು ನುಂಗುವವರ ಮೇಲೆ ಪ್ರಭು ಆಡಿದ ಕಠೋರ ಮಾತು ಯಾವ ಒಂದು ಮತದ ಪುರೋಹಿತರನ್ನೂ ಹೊರಗಿಟ್ಟು ಆಡಿದ್ದಲ್ಲ.

ಇನ್ನು ಆಕ್ಷೇಪಣೆಗಳು. ನನ್ನ ದೃಷ್ಟಿಯಲ್ಲಿ ‘ಗೃಹಭಂಗ’ದ ದೊಡ್ಡ ದೋಷ ಅದರ ದುಷ್ಟರು ಬದಲಾಗದಿರುವುದು. ಗಂಗಮ್ಮ ಮೊದಲ ಪುಟದಲ್ಲಿ ಹೇಗೋ ಕೊನೆಯಲ್ಲೂ ಹಾಗೆಯೇ. ಚೆನ್ನಿಗರಾಯನ ಹೊಟ್ಟೆಬಾಕತನಕ್ಕೆ ಒಂದು ಕ್ಷಣದ ನಾಚಿಕೆಯೂ ಅಡ್ಡ ಬರುವುದಿಲ್ಲ. ಹಳ್ಳಿಗಳಲ್ಲಿ ಇಂಥ ಗಂಡಂದಿರನ್ನು ನೋಡಿಲ್ಲವೆಂದಲ್ಲ. ಆದರೆ ಎಂಥ ಸೋಮಾರಿಯೂ ಮಗುವನ್ನು ಒಮ್ಮೆ ಎತ್ತಿಕೊಂಡಾನು, ಎಂಥ ಗಯ್ಯಾಳಿ ಅತ್ತೆಯೂ ಒಂದು ರಾತ್ರಿ ಸೊಸೆಯ ಹಣೆ ಮುಟ್ಟಿ ನೋಡಿಯಾಳು. ಆ ಒಂದು ಕ್ಷಣವನ್ನು ಲೇಖಕರು ಕೊಡುವುದಿಲ್ಲ. ಅತ್ತ ನಂಜಮ್ಮನ ಮೇಲೆ ಕಲೆಯೇ ಬೀಳುವುದಿಲ್ಲ. ಇದರಿಂದ, ಈ ಮನೆ ಮುರಿದದ್ದು ಕೆಟ್ಟ ಜನರಿಂದ, ನಮ್ಮ ಮನೆಯಲ್ಲಿ ಅಂಥವರಿಲ್ಲ, ನಾವು ಕ್ಷೇಮ ಎಂಬ ಸುಖ ಓದುಗನಿಗೆ ಸಿಕ್ಕಿಬಿಡುತ್ತದೆ. ಪ್ಲೇಗು ಬಂದು ಆ ಸುಖವನ್ನು ಕಿತ್ತುಕೊಳ್ಳುತ್ತದೆ, ನಿಜ. ಚಿಗಟಕ್ಕೆ ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲ. ಗಂಗಮ್ಮ ಉಳಿಯುತ್ತಾಳೆ, ಚೆನ್ನಿಗರಾಯ ಉಳಿಯುತ್ತಾನೆ. ಸ್ವಂತ ಸೂರಿನ ಹಂಬಲ ಕೈಗೆಟುಕುವ ಹೊತ್ತಿಗೆ ನಂಜಮ್ಮನೂ ಅದೇ ಬೇನೆಗೆ ಬಲಿಯಾಗುತ್ತಾಳೆ.

ಏಕೆ ಎಂದು ಕಾದಂಬರಿ ಹೇಳುವುದಿಲ್ಲ. ಕರ್ಮವೆನ್ನುವವರು ಅದರೊಳಗೇ ಇದ್ದಾರೆ, ಗ್ರಹಗತಿಯೆನ್ನುವವರಿದ್ದಾರೆ, ದೇವರ ಇಚ್ಛೆಯೆನ್ನುವವರಿದ್ದಾರೆ. ಲೇಖಕರು ಯಾರ ಪಕ್ಕಕ್ಕೂ ಹೋಗಿ ಕುಳಿತುಕೊಳ್ಳುವುದಿಲ್ಲ. ಬಾಲ್ಯದಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು ಭೈರಪ್ಪನವರು. ತಮ್ಮ ಆತ್ಮವೃತ್ತಾಂತ ‘ಭಿತ್ತಿ’ಯಲ್ಲಿ ಆ ದಿನಗಳನ್ನು ಬರೆದಿದ್ದಾರೆ. ಅಂಥವರು ಉತ್ತರವನ್ನು ಸುಲಭಕ್ಕೆ ಒಪ್ಪಿಕೊಳ್ಳದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಯೋಬನ ಗ್ರಂಥದಲ್ಲಿಯೂ ಮೂವರು ಗೆಳೆಯರು ಮೊದಲ ಏಳು ದಿನ ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅವರು ಬಾಯಿ ತೆರೆದು ವಿವರಣೆ ಕೊಡಲು ಆರಂಭಿಸಿದ ಮೇಲೆಯೇ ಎಲ್ಲ ಕೆಟ್ಟದ್ದು.

2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯ ನಡುವೆ, ಒಂದೇ ಮನೆಯ ಇಬ್ಬರ ಸಮಾಧಿಕ್ರಿಯೆಯನ್ನು ಒಂದೇ ವಾರದಲ್ಲಿ ನಡೆಸಿಕೊಡಬೇಕಾಯಿತು. ಸಮಾಧಿಯ ಬಳಿ ನಾಲ್ಕೈದು ಜನ, ಅದೂ ದೂರ ದೂರ ನಿಂತವರು. ಪ್ರಬೋಧನೆಗೆಂದು ಸಿದ್ಧಪಡಿಸಿಕೊಂಡ ಮಾತುಗಳು ಕಿಸೆಯಲ್ಲಿಯೇ ಉಳಿದವು. ನಿಗದಿತ ಪ್ರಾರ್ಥನೆಯನ್ನಷ್ಟೇ ಓದಿದೆ. ಮನೆಗೆ ಮರಳಿ ಅದೇ ವಾರ ‘ಗೃಹಭಂಗ’ವನ್ನು ಮೂರನೆಯ ಸಲ ಕೈಗೆತ್ತಿಕೊಂಡೆ. ರಾಮಸಂದ್ರದ ಜನ ಇಲಿ ಬಿದ್ದಾಗ ಊರು ಬಿಟ್ಟು ಹೊಲಕ್ಕೆ ಹೋಗುತ್ತಿದ್ದರು. ನಮ್ಮ ಜನ ಬೆಂಗಳೂರು ಬಿಟ್ಟು ಹಳ್ಳಿಗೆ ಬಂದಿದ್ದರು. ಆಗಿನ ಓದು ಮೊದಲ ಓದಿಗೆ ಎಲ್ಲಕ್ಕಿಂತ ಹತ್ತಿರವಾಗಿತ್ತೆಂದು ಹೇಳಬೇಕು. ಪುಸ್ತಕದಲ್ಲಿ ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು. ಪುಸ್ತಕದ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಮೊದಲ ಓದು ಮರಳಿ ಬರದಿರುವುದಕ್ಕೆ ಇನ್ನೊಂದು ಕಾರಣವುಂಟು. ಅದನ್ನು ಹೇಳದೆ ಬಿಟ್ಟರೆ ಈ ಮಾಸಿಕದ ಓದುಗರಿಗೆ ವಂಚನೆ ಮಾಡಿದಂತಾಗುತ್ತದೆ. ಗುರುಮಠದಲ್ಲಿ ನಾನು ಆ ಪುಸ್ತಕವನ್ನು ತೆರೆದಾಗ ಭೈರಪ್ಪ ಎಂಬುದು ಮುಖಪುಟದ ಮೇಲಿನ ಒಂದು ಹೆಸರು ಮಾತ್ರವಾಗಿತ್ತು. 2007ರಲ್ಲಿ ‘ಆವರಣ’ ಬಂದಿತು. 2008ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಹಲವೆಡೆ ಚರ್ಚುಗಳ ಮೇಲೆ ದಾಳಿ ನಡೆಯಿತು. ಅದರ ಮರುತಿಂಗಳು ಮತಾಂತರದ ಬಗ್ಗೆ ಅವರು ‘ವಿಜಯ ಕರ್ನಾಟಕ’ದಲ್ಲಿ ಬರೆದ ಲೇಖನ ದೀರ್ಘ ವಾಗ್ವಾದಕ್ಕೆ ಕಾರಣವಾಯಿತು. ಗಾಯ ಹಸಿಯಾಗಿದ್ದಾಗ ಬಂದ ಆ ಮಾತುಗಳು ನಮ್ಮ ಜನರನ್ನು ನೋಯಿಸಿದವು, ನನ್ನನ್ನೂ ನೋಯಿಸಿದವು. ಆ ಲೇಖನದ ವಾದವನ್ನು ನಾನು ಅಂದು ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಅಂದಿನಿಂದ ಕೆಲವು ಕ್ರೈಸ್ತ ಮನೆಗಳಲ್ಲಿ ಅವರ ಪುಸ್ತಕಗಳು ಕಪಾಟಿನ ಹಿಂಬದಿಗೆ ಸರಿದವು. 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡಾಗ, ‘ಸ್ವಾಮಿ, ನಾವು ಅವರನ್ನು ಓದಬೇಕೆ?’ ಎಂದು ಧರ್ಮಕೇಂದ್ರದ ಒಬ್ಬ ಶಿಕ್ಷಕಿ ನನ್ನನ್ನು ನೇರವಾಗಿ ಕೇಳಿದರು. ಓದಬೇಕು ಎಂದೆ. ‘ಗೃಹಭಂಗ’ದಿಂದ ಆರಂಭಿಸಬೇಕು ಎಂದೆ.

ಹಾಗೆ ಹೇಳಲು ಕಾರಣ ಔದಾರ್ಯವಲ್ಲ, ಸಾಹಿತ್ಯವಿಮರ್ಶೆಯೇ. ಅವರ ನಂತರದ ಕೆಲವು ಕಾದಂಬರಿಗಳಲ್ಲಿ ವಾದ ಮೊದಲು ಹುಟ್ಟಿ, ಪಾತ್ರಗಳು ಅದರ ಹಿಂದೆ ಸಾಕ್ಷಿ ನುಡಿಯಲು ಬಂದು ನಿಲ್ಲುತ್ತವೆ. ಅಲ್ಲಿ ಯಾರು ಏನು ಹೇಳುತ್ತಾರೆಂಬುದು ಹತ್ತು ಪುಟ ಮೊದಲೇ ತಿಳಿಯುತ್ತದೆ. ಅಂಥ ಪುಸ್ತಕವನ್ನು ಮೊದಲ ಸಲ ಓದಿದರೂ ಎರಡನೆಯ ಸಲ ಓದಿದಂತೆಯೇ. ‘ಗೃಹಭಂಗ’ದಲ್ಲಿ ಲೇಖಕರಿಗೆ ಸಾಧಿಸಬೇಕಾದ ವಾದವಿಲ್ಲ. ಒಬ್ಬ ತಾಯಿ ಇದ್ದಾಳೆ, ಅವಳನ್ನು ಸರಿಯಾಗಿ ನೆನೆಯಬೇಕೆಂಬ ಹಟವಿದೆ. ಬ್ರಾಹ್ಮಣರ ಅಗ್ರಹಾರದ ಕಥೆಯೆಂದು ಹೇಳಿ ಅದನ್ನು ಪಕ್ಕಕ್ಕಿಡುವವರೂ ಉಂಟು. ನಮ್ಮ ಧರ್ಮಕೇಂದ್ರಗಳಲ್ಲಿ ಹಾಲು ಕರೆದು, ಹೂ ಕಟ್ಟಿ, ಗಾರ್ಮೆಂಟ್ಸ್‌ಗೆ ಹೋಗಿ ಮಕ್ಕಳ ಶಾಲೆಯ ಶುಲ್ಕ ಹೊಂದಿಸುವ, ಗಂಡನ ಕುಡಿತವನ್ನು ಪಾಪನಿವೇದನೆಯಲ್ಲಿ ತಮ್ಮದೇ ಪಾಪವೆಂಬಂತೆ ಹೇಳುವ ಹೆಂಗಸರನ್ನು ನೋಡುತ್ತಿರುವ ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ.

ಗಿರೀಶ ಕಾಸರವಳ್ಳಿಯವರು ಇದನ್ನು ದೂರದರ್ಶನ ಧಾರಾವಾಹಿಯಾಗಿಯೂ ಮಾಡಿದ್ದಾರೆ. ಅದನ್ನು ಮೊದಲು ನೋಡಿ ಆಮೇಲೆ ಪುಸ್ತಕ ಓದಿದವರು ಚೆನ್ನಾಗಿಯೇ ಇದೆಯೆನ್ನುತ್ತಾರೆ. ಇದ್ದೀತು. ಆದರೆ ನಂಜಮ್ಮನ ಮುಖವನ್ನು ತಾವೇ ಕಲ್ಪಿಸಿಕೊಳ್ಳುವ ಅವಕಾಶ ಅವರಿಗೆ ಸಿಗಲಿಲ್ಲ.

ಆ ಶಿಕ್ಷಕಿಗೆ ನನ್ನ ಪ್ರತಿಯನ್ನೇ ಕೊಟ್ಟೆ. ಬೆನ್ನುಹಾಳೆಯ ಮೇಲಿನ ಮಾತುಗಳನ್ನು ಮೊದಲು ಓದಬೇಡಿ, ಮುನ್ನುಡಿಯನ್ನೂ ಕೊನೆಗೆ ಓದಿ ಎಂದು ಹೇಳಿಕೊಟ್ಟೆ. ಎರಡು ವಾರಗಳ ನಂತರ ಭಾನುವಾರದ ಪೂಜೆ ಮುಗಿದ ಮೇಲೆ ಅವರು ಅಂಗಳದಲ್ಲಿ ಸಿಕ್ಕರು. ಎಲ್ಲಿಯವರೆಗೆ ಬಂತು ಎಂದು ವಿಚಾರಿಸಿದೆ. ಪಾರ್ವತಿಯ ಮದುವೆ ಮುಗಿಯಿತು ಸ್ವಾಮಿ, ಸದ್ಯ ಆ ಹೆಂಗಸಿಗೆ ಒಂದು ಭಾರ ಕಡಿಮೆಯಾಯಿತು ಎಂದರು. ನಾನು ಏನೂ ಹೇಳದೆ ಹೌದೆಂದು ತಲೆಯಾಡಿಸಿದೆ.